ಒಂದು ಗ್ಲಾಸ್ ಕಡೂರು

ಪಕ್ಷದ ಹಬ್ಬ ಹತ್ತಿರ ಬಂತೆಂದು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದೆ. ದೊಡ್ಡ ಪರಾತದ ಹಿಂದೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ತಮ್ಮನ ಶೇಕರ್ ಕೈಗೆ ಸಿಕ್ಕಿತು. ನೀವು ಇದನ್ನು ನೋಡಿರದಿದ್ದರೆ ಹೀಗೆಂದುಕೊಳ್ಳಿ: ಉದ್ದನೆಯ ಸ್ಟೀಲ್ ಲೋಟಕ್ಕೆ ಜರಡಿಯಂಥ ಒಂದು ಕುತ್ತಿಗೆ, ಅದರ ಮೇಲೊಂದು ಪುಟ್ಟ ಟೋಪಿ. ಒಳಗೆ ಐಸು, ಹಣ್ಣಿನ ರಸ, ಮದ್ಯ ಹಾಕಿ, ಮುಚ್ಚಿ, ಕಿವಿಯ ಪಕ್ಕ ಎತ್ತಿ ಹಿಡಿದು ಕುಲುಕುತ್ತಾರೆ. ನನ್ನ ತಮ್ಮ ರುದ್ರೇಶ ಗೋವಾದ ಒಂದು ದೊಡ್ಡ ಕ್ಯಾಸಿನೊ ರೆಸಾರ್ಟಿನಲ್ಲಿ ಬಹಳ ವರ್ಷ ಮಾಡಿದ್ದು ಇದೇ ಕೆಲಸ. ಜ್ವರ ಎಂದು ಮಲಗಿದವನು ಅಲ್ಲೇ ತೀರಿಕೊಂಡ. ಜೊತೆಗೆ ಕೆಲಸ ಮಾಡುತ್ತಿದ್ದ ಮೆಲ್ವಿನ್ ಎಂಬುವನು ಅವನ ಬಟ್ಟೆಬರೆಯನ್ನೂ ಇದನ್ನೂ ತಂದುಕೊಟ್ಟು ಹೋದ. ಅಂದಿನಿಂದ ನಾನು ಇದರ ಮುಚ್ಚಳ ತೆಗೆದಿರಲಿಲ್ಲ. ಒಳಗೆ ಯಾವ ವಾಸನೆ ಇದೆಯೋ ಎಂಬ ಅಂಜಿಕೆ ಒಂದು. ಇದ್ದ ವಾಸನೆ ಹೊರಟುಹೋದೀತು ಎಂಬ ಅಂಜಿಕೆ ಇನ್ನೊಂದು.

ಅವನು ಹೋಗಿ ವರ್ಷ ತುಂಬಿದೆ. ಈ ಸಲ ಹಿರಿಯರ ಸಾಲಿನಲ್ಲಿ ಅವನಿಗೂ ಎಡೆ ಇಡಬೇಕು. ನಮ್ಮ ಮನೆಯ ನಡವಳಿಕೆ ನಿಮ್ಮಲ್ಲೂ ಇರಬಹುದು: ತೀರಿಕೊಂಡವರು ಬದುಕಿದ್ದಾಗ ಆಸೆಪಟ್ಟು ಸೇವಿಸುತ್ತಿದ್ದದ್ದು ಒಂದಾದರೂ ಎಡೆಯಲ್ಲಿ ಇರಲೇಬೇಕು. ತಾತನಿಗೆ ಬೀಡಿಕಟ್ಟು, ಅಜ್ಜಿಗೆ ಕಡ್ಡಿಪುಡಿ, ಅಪ್ಪನಿಗೆ ಕೋಳಿಸಾರು, ಅಮ್ಮನಿಗೆ ಅಂಗಡಿಯ ಖಾರಾಬೂಂದಿ. ಎಲ್ಲರದ್ದೂ ಗೊತ್ತು. ರುದ್ರನದ್ದು ಗೊತ್ತಿರಲಿಲ್ಲ.

ಪಕ್ಕದ ಮನೆಯ ಚಿಕ್ಕಪ್ಪನಿಗೆ ಇದರಲ್ಲಿ ಯಾವ ಅನುಮಾನವೂ ಇರಲಿಲ್ಲ. ನಮ್ಮೂರ ಪಕ್ಕದ ಕಡೂರು ಪೇಟೆಗೆ ಹೋದವರು ಒಳ್ಳೆಯ ಬ್ರಾಂದಿಯ ಬಾಟಲಿಯೊಂದನ್ನು ತಂದು, ಪೇಪರ್ ಬಿಚ್ಚದೆ ನನ್ನ ಹೊಲಿಗೆ ಮಿಶನ್ನಿನ ಮೇಲೆ ಇಟ್ಟರು. ಅವನು ಕುಡಿಯುತ್ತಿರಲಿಲ್ಲ ಚಿಕ್ಕಪ್ಪ ಎಂದೆ.

"ಬಾರಲ್ಲೇ ಬದುಕಿದೋನು ಕುಡೀದೆ ಇರ್ತಾನೇನವ್ವಾ? ನಿನ್ ಮುಂದೆ ಕುಡೀತಿರ್ಲಿಲ್ಲ, ಅಷ್ಟೆ. ಮಿಠಾಯಿ ಅಂಗಡಿಯವನು ಉಪವಾಸ ಅಂದ್ರೆ ಯಾರು ನಂಬ್ತಾರೆ?"

"ನಂಗೆ ಗೊತ್ತು, ಅವ್ನು ಕುಡೀತಿರ್ಲಿಲ್ಲ."

"ಸರಿ ಕಣವ್ವ, ಕುಡೀತಿರ್ಲಿಲ್ಲ. ಹಂಗಾದ್ರೆ ಏನು ಇಡ್ತೀಯ, ಹೇಳು. ಮೊದಲ್ನೇ ಸಲ ಬತ್ತಾ ಇದಾನೆ ಹುಡುಗ. ಬಂದೋನು ಎಲೆ ನೋಡಿ, ನಂಗೇನೂ ಇಲ್ವಾ ಅಂದ್ಕೊಂಡು ಹೋಗ್ಬಾರ್ದು."

ಚಿಕ್ಕಪ್ಪನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಒಟ್ಟಿಗೆ ಬೆಳೆದ ತಮ್ಮ. ಅವನ ಅಂಗಿಯ ಅಳತೆ ಟೇಪು ಹಿಡಿಯದೆ ಹೇಳಬಲ್ಲೆ. ಇಷ್ಟದ್ದು ಯಾವುದು ಎಂದರೆ ತಿಳಿಯದು. ಚಿಕ್ಕಂದಿನಿಂದ ತಟ್ಟೆಗೆ ಹಾಕಿದ್ದನ್ನು ತಿಂದು ಎದ್ದುಹೋಗುವ ಸ್ವಭಾವ ಅವನದು. ಆಮೇಲೆ ಹಿಡಿದದ್ದು, ಬಂದವರನ್ನೆಲ್ಲ ನಿಮಗೇನು ಇಷ್ಟ ಎಂದು ಕೇಳುವ ಕೆಲಸ.

ಅಮ್ಮ ಇದ್ದಾಗ ಊರಿನವರಿಗೆ ಅವನು ಹೋಟೆಲ್ ಮ್ಯಾನೇಜರ್ ಎಂದೇ ಹೇಳುತ್ತಿದ್ದಳು. ನಾನೂ ಹೂಂಗುಟ್ಟುತ್ತಿದ್ದೆ. ಆದರೂ ಹೆಣ್ಣು ಕೊಡುವವರಿಗೆ ನಿಜ ಹೇಗೋ ತಿಳಿದುಬಿಡುತ್ತಿತ್ತು. ಅವನು ಬೇಸರಪಟ್ಟುಕೊಳ್ಳಲಿಲ್ಲ. "ಬಿಡಕ್ಕಾ, ನಂಗೆ ದಿನಾ ಮದ್ವೆಮನೆನೇ" ಎನ್ನುತ್ತಿದ್ದ.

ಆ ಮದುವೆಮನೆಯನ್ನು ನಾನೊಮ್ಮೆ ನೋಡಿದ್ದೇನೆ. ಅಮ್ಮ ಹೋದ ಮೇಲೆ, ಮನಸ್ಸಿಗೆ ಬದಲಾವಣೆಯಾಗಲೆಂದು ಅವನೇ ಕರೆಸಿಕೊಂಡಿದ್ದ. ನಾನು ಮತ್ತು ಚಿಕ್ಕಪ್ಪ ಬೀರೂರಿನಲ್ಲಿ ರೈಲು ಹತ್ತಿದೆವು. ಕೈಯಲ್ಲಿ ಚಕ್ಕುಲಿ, ನಮ್ಮ ತೋಟದ ತೆಂಗಿನಕಾಯಿ, ಮತ್ತು ಯಾವಾಗಲೂ ಕಳಿಸುತ್ತಿದ್ದ ರಾಗಿ ಹುರಿಹಿಟ್ಟಿನ ದೊಡ್ಡ ಪೊಟ್ಟಣ. ರೆಸಾರ್ಟಿನ ಬಾಗಿಲಲ್ಲಿ ಚೀಲವನ್ನು ತಪಾಸಣೆಯ ಮಿಶನ್ನಿಗೆ ಹಾಕಿ, ಬಿಚ್ಚಿ ನೋಡಿದರು. ಕಂದು ಬಣ್ಣದ ನಯವಾದ ಪುಡಿ ಕಂಡಿದ್ದೇ ತಡ, ಯಾವ ಅಮಲಿನ ಪುಡಿಯೋ ಎಂದು ಕಾವಲಿನವರು ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು. ಹಿಂದಿಯಲ್ಲಿ ಏನೇನೋ ಕೇಳಿದರು. ನನಗೆ ಹಿಂದಿ ಬರುವುದಿಲ್ಲ. ಬರುತ್ತದೆಂದುಕೊಂಡಿದ್ದ ಚಿಕ್ಕಪ್ಪ, ಹಿಟ್ಟಿನ ಘಮ ಎಷ್ಟು ಚೆನ್ನ ಎಂದು ಅಭಿನಯಿಸಲು ಒಂದು ಚಿಟಿಕೆ ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದು ತೋರಿಸಿದರು. ಆಮೇಲೆ ಇನ್ನಿಬ್ಬರು ಕಾವಲಿನವರು ಬಂದರು. ರುದ್ರ ಓಡಿ ಬಂದು, ಬೆರಳಲ್ಲಿ ಹಿಟ್ಟು ತೆಗೆದು ತಾನು ತಿಂದು, ಅವರಿಗೂ ತಿನ್ನಿಸಿ, ನಮ್ಮನ್ನು ಬಿಡಿಸಿಕೊಂಡ.

ಒಳಗೆ ಈಜುಕೊಳದ ಪಕ್ಕ ಒಂದು ಬಾರು, ತಾರಸಿಯ ಮೇಲೆ ಒಂದು, ಜೂಜಿನ ಹಾಲಿನೊಳಗೆ ಇನ್ನೊಂದು. ಜೂಜಿನ ಹಾಲಿಗೆ ಕಿಟಕಿಯೇ ಇರಲಿಲ್ಲ. ಗಡಿಯಾರವೂ ಇಲ್ಲವಲ್ಲೋ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, ಇಲ್ಲಿಗೆ ಬಂದವರಿಗೆ ಹೊತ್ತು ಹೋದದ್ದು ತಿಳಿಯಬಾರದು ಎಂದ. ಮೆಟ್ಟಿಲು ಇಳಿದರೆ ಅವನ ನೈಟ್‌ಕ್ಲಬ್ಬು. ನಾವು ಹೋದದ್ದು ಮಧ್ಯಾಹ್ನ. ಬಣ್ಣದ ದೀಪಗಳೆಲ್ಲ ಆರಿ, ಗುಡಿಸುವುದಕ್ಕೆಂದು ಟ್ಯೂಬ್‌ಲೈಟ್ ಹಾಕಿದ್ದರು. ಮದುವೆ ಮುಗಿದ ಮಾರನೆಯ ದಿನದ ಛತ್ರದ ಹಾಗಿತ್ತು: ಫಿನಾಯಿಲ್ ವಾಸನೆ, ಅದರ ಕೆಳಗೆ ಹಿಂದಿನ ರಾತ್ರಿಯ ಸಿಗರೇಟು, ಸೆಂಟು. ಮಖಮಲ್ಲಿನ ಸೋಫಾಗಳ ಹೊಲಿಗೆ ಅಲ್ಲಲ್ಲಿ ಬಿಟ್ಟಿತ್ತು. ಕುಣಿಯುವ ನೆಲದ ಸಂದಿಗಳಲ್ಲಿ ಚಮಕಿಗಳು ಸಿಕ್ಕಿಕೊಂಡಿದ್ದವು. ಬ್ಲೌಸ್ ಹೊಲಿಯುವವಳ ಕಣ್ಣು ಅಲ್ಲಿಗೇ ಹೋಗುತ್ತದೆ. ಯಾರದೋ ಸಂತೋಷ ಉದುರಿ ಬಿದ್ದಿದೆ ಅನ್ನಿಸಿ, ಬಗ್ಗಿ ಒಂದನ್ನು ಹೆಕ್ಕಿಕೊಂಡೆ.

ಎತ್ತರದ ಸ್ಟೂಲಿಗೆ ಸೀರೆಯುಟ್ಟು ಹತ್ತುವ ಪ್ರಸಂಗವನ್ನು ಬರೆಯುವುದಿಲ್ಲ. ಹತ್ತಿಸಿದ್ದು ಅವನು, ಇಳಿಸಿದ್ದೂ ಅವನೇ. ಚಿಕ್ಕಪ್ಪ ಮೆಲ್ಲಗೆ ಕಣ್ಣು ಮಿಟುಕಿಸಿ ತಮಗೆ ಬೇಕಾದ್ದನ್ನು ಕೇಳಿ ಪಡೆದರು. ನಾನು ಏನಾದರೂ ಕೊಡು ಎಂದೆ.

"ಏನಾದ್ರೂ ಅನ್ನೋದು ಇಲ್ಲಿಲ್ಲ ಕಣಕ್ಕಾ. ಹುಳಿನಾ, ಸಿಹಿನಾ, ಖಾರನಾ?"

ಹುಳಿ, ಸ್ವಲ್ಪ ಖಾರ ಎಂದೆ. ಪುನರ್ಪುಳಿ ರಸ, ನಿಂಬೆ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕುಲುಕಿ, ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ತಾಗಿಸಿದ. ಸಾರಿಗೆ ಉಪ್ಪು ಹಿಡಿದಿದೆಯೋ ಎಂದು ಅಮ್ಮ ನೋಡುತ್ತಿದ್ದದ್ದು ಹಾಗೆಯೇ. ಮದ್ಯವಾದರೂ ಅಷ್ಟೇ, ಅಂಗೈಯ ಒಂದು ತೊಟ್ಟು, ಆಮೇಲೆ ಕೈ ತೊಳೆದುಬಿಡುತ್ತಿದ್ದ. ಅದನ್ನು ನೋಡಿದ್ದರಿಂದಲೇ ಅವನು ಕುಡಿಯುತ್ತಿರಲಿಲ್ಲ ಎಂದು ನನಗೆ ಗೊತ್ತು. ನೀನೇನು ಕುಡಿಯುತ್ತೀಯೋ ಎಂದು ಕೇಳಿದೆ. "ಕೊಡೋನಿಗೆ ಕುಡಿಯೋಕೆ ಹೊತ್ತೆಲ್ಲಿದೆ?" ಎಂದು ನಕ್ಕು ಗ್ಲಾಸು ಒರೆಸತೊಡಗಿದ. ಇನ್ನೊಂದು ಸಲ ಕೇಳಬಹುದಿತ್ತು. ಮುಂದೆ ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಚಿಕ್ಕಪ್ಪ ಬಾಟಲಿ ಇಟ್ಟು ಹೋದ ಮೇಲೆ ಶೇಕರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಬಿಸಿನೀರಿನ ಬಟ್ಟೆ ಸುತ್ತಿ, ಬಲವಾಗಿ ತಿರುಗಿಸಿದಾಗ ಮುಚ್ಚಳ ಬಂತು. ಮದ್ಯದ ವಾಸನೆಯಲ್ಲ. ಹುರಿದ ರಾಗಿ. ಜರಡಿಯ ತೂತುಗಳಲ್ಲಿ ಕಂದು ಹಿಟ್ಟು ಒಣಗಿ ಕೂತಿತ್ತು.

ಮೆಲ್ವಿನ್‌ಗೆ ಫೋನ್ ಮಾಡಿದೆ. ಕಾರವಾರದ ಕಡೆಯ ಹುಡುಗ, ನಿಧಾನವಾಗಿ ಕನ್ನಡ ಮಾತಾಡುತ್ತಾನೆ. ಹಿಂದೆ ಯಾರೋ ಮೈಕು ಪರೀಕ್ಷಿಸುವ ಸದ್ದು ಕೇಳುತ್ತಿತ್ತು. ಅವನು ಹೇಳಿದ್ದು ಇಷ್ಟು: ಕ್ಲಬ್ಬು ಮುಚ್ಚಿದ ಮೇಲೆ ಉಳಿದವರು ಒಂದೊಂದು ಬಿಯರ್ ಹಿಡಿದು ಕೂರುತ್ತಿದ್ದರು. ರುದ್ರಣ್ಣ ಮಾತ್ರ ಹುರಿಹಿಟ್ಟು, ಮಜ್ಜಿಗೆ, ಉಪ್ಪು, ಐಸು ಹಾಕಿ ಕುಲುಕಿ, ಕಾಲಿರುವ ಗಾಜಿನ ಗ್ಲಾಸಿಗೆ ಸೋಸಿ, ಅಂಚಿಗೆ ನಿಂಬೆ ಸಿಕ್ಕಿಸಿ ಕುಡಿಯುತ್ತಿದ್ದ. ಮೊದಮೊದಲು ನಕ್ಕವರೇ ಆಮೇಲೆ ಬಿಯರ್ ಬಿಟ್ಟು ಅದಕ್ಕೆ ಸಾಲು ನಿಂತರು.

"ಅದಕ್ಕೆ ಏನು ಹೆಸರು ಅಂತ ಕೇಳಿದ್ವಿ ಅಕ್ಕಾ. ಕಡೂರು ಅಂದ. ಇಲ್ಲಿ ಎಲ್ಲರೂ ಹಾಗೇ ಹೇಳೋದು. ಒಂದು ಕಡೂರು ಕೊಡು, ನಂಗೂ ಒಂದು ಕಡೂರು."

ಆಮೇಲೆ ಅವನು ಸಂಕೋಚದಿಂದ ಕೇಳಿದ: "ಹಿಟ್ಟು ಖಾಲಿಯಾಗಿ ತುಂಬಾ ದಿನ ಆಯ್ತು. ನೀವು ಈಗ ಅದನ್ನ ಮಾಡಲ್ವಾ ಅಕ್ಕಾ?"

ಮಾಡುತ್ತಿರಲಿಲ್ಲ. ಅವನು ಹೋದ ಮೇಲೆ ಯಾರಿಗೆಂದು ಹುರಿಯಲಿ? ಅಂದು ಸಂಜೆ ರಾಗಿಗೆ ನೀರು ಚಿಮುಕಿಸಿ ಇಟ್ಟೆ. ಬೆಳಿಗ್ಗೆ ಕಾದ ಬಾಣಲೆಗೆ ಹಾಕಿದರೆ ಚಟಚಟನೆ ಬೆಳ್ಳಗೆ ಅರಳಿತು. ಬೀಸಿಸಿಕೊಂಡು ಬಂದೆ.

ಹಬ್ಬದ ದಿನ ಅಪ್ಪನ ಕೋಳಿಸಾರಿಗೂ ಅಮ್ಮನ ಖಾರಾಬೂಂದಿಗೂ ನಡುವೆ ರುದ್ರನ ಎಲೆ. ಅದರ ಪಕ್ಕ, ಕಾಲಿರುವ ಗ್ಲಾಸು ನಮ್ಮ ಮನೆಯಲ್ಲಿಲ್ಲವಾದ್ದರಿಂದ, ಗಾಜಿನ ಲೋಟ. ಮಜ್ಜಿಗೆ, ಹಿಟ್ಟು, ಐಸು ಹಾಕಿ ಕಿವಿಯ ಪಕ್ಕ ಕುಲುಕಿದೆ. ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡವಳು, ಎಡೆಯ ರುಚಿ ನೋಡಬಾರದೆಂದು ನೆನಪಾಗಿ ಸೆರಗಿಗೆ ಒರೆಸಿಕೊಂಡೆ. ಧೂಪ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಜಗಲಿಯಲ್ಲಿ ನಿಂತೆವು. ಚಿಕ್ಕಪ್ಪನ ಬಾಟಲಿ ಮಿಶನ್ನಿನ ಮೇಲೆಯೇ ಇತ್ತು.

ಬಾಗಿಲು ತೆಗೆದಾಗ ಐಸು ಕರಗಿ ಲೋಟದ ಮೈ ಬೆವೆತಿತ್ತು. ಪ್ರಸಾದವೆಂದು ಚಿಕ್ಕಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಕುಡಿದರು. ತಳದವರೆಗೂ ಕುಡಿದು, ಮೀಸೆ ಒರೆಸಿಕೊಂಡು, "ಒಂದು ಗಂಟೂ ಇಲ್ವಲ್ಲವ್ವಾ" ಎಂದರು.

ಇಂದು ಗೋವಾಕ್ಕೆ ಕಳಿಸುವ ಪೊಟ್ಟಣ ಕಟ್ಟುತ್ತಿದ್ದೇನೆ. ನಾವು ಚಿಕ್ಕವರಿದ್ದಾಗ, ಬಾಯಲ್ಲಿ ಹುರಿಹಿಟ್ಟು ಇಟ್ಟುಕೊಂಡು ನಗಬೇಡಿರೆಂದು ಅಮ್ಮ ಬೈಯುತ್ತಿದ್ದಳು. ನಾನು ಬಾಯಿ ತುಂಬಿಕೊಳ್ಳುವವರೆಗೆ ಕಾದಿದ್ದು, ಕತ್ತೆಯ ಹಾಗೆ ಕಿವಿ ಹಿಡಿದು ಎದುರಿಗೆ ನಿಲ್ಲುತ್ತಿದ್ದ ರುದ್ರ. ಚೀಲದ ಬಾಯಿ ಕಟ್ಟುವ ಮೊದಲು ರೂಢಿಯಂತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ಬಾಗಿಲ ಕಾವಲಿನವರ ಮುಂದೆ ಉಸಿರೆಳೆದು ತೋರಿಸುತ್ತಿದ್ದ ಚಿಕ್ಕಪ್ಪ ನೆನಪಾದರು. ತಡೆಯಲಾಗಲಿಲ್ಲ. ಹಿಟ್ಟೆಲ್ಲ ಹೊಗೆಯಂತೆ ಹಾರಿ ಹೊಲಿಯಲಿಟ್ಟಿದ್ದ ಬ್ಲೌಸಿನ ಮೇಲೆ ಕೂತಿತು. ಅವನು ಹೋದ ಮೇಲೆ ನಾನು ನಕ್ಕದ್ದು ಇದೇ ಮೊದಲು. ಈಗ ಎದ್ದು, ಅದನ್ನು ಕೊಡವಬೇಕು.