ತೊಂಬತ್ತಾರಕ್ಕೇ ಕುದಿದ ನೀರು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯ ತರಬೇತಿ ಶಾಲೆಯಲ್ಲಿ ನಮ್ಮನ್ನು ವಿಜ್ಞಾನದ ಮೇಷ್ಟರಾಗಿಸಲು ಹೊರಟಿದ್ದವರು ಹಾಸನದ ಕಡೆಯ ಒಬ್ಬ ಮೇಷ್ಟರು. ಯಾರು ಏನೇ ಹೇಳಿದರೂ ಕತ್ತು ವಾರೆ ಮಾಡಿ, "ಹೆಂಗ್ ಗೊತ್ತು?" ಎನ್ನುತ್ತಿದ್ದರು. ಆ ಕತ್ತು, ಆ ಗೊಗ್ಗರು ದನಿ ಎರಡನ್ನೂ ಮೊದಲ ವಾರವೇ ಕದ್ದೆ. ಅನ್ನ ಬೆಂದಿದೆ ಎಂದ ಹಾಸ್ಟೆಲಿನ ಅಡುಗೆಯವನಿಗೂ "ಹೆಂಗ್ ಗೊತ್ತು?" ಎಂದು ಸೌಟಿನೇಟು ತಿಂದೆ. ನನ್ನದೇ ದನಿ ಯಾವುದೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಕಷ್ಟವಿತ್ತು.

ಒಂದು ದಿನ ನೀರು ಕುದಿಸಿದೆವು. ಥರ್ಮಾಮೀಟರ್ ತೊಂಬತ್ತಾರಕ್ಕೆ ನಿಂತುಬಿಟ್ಟಿತು. ಎಲ್ಲರೂ ನೂರು ಎಂದೇ ಬರೆದೆವು. ನಾಪೋಕ್ಲಿನ ನನ್ನ ರೂಮಿನ ಗೆಳೆಯ ಮಾತ್ರ ಅರೆಭಾಷೆಯಲ್ಲಿ ಪಿಸುಗುಟ್ಟಿದ: "ಪುಸ್ತಕಲಿ ನೂರ್ ಉಟ್ಟಲ್ಲ ಮಾರಾಯ, ಇನ್ನೊಂಚೂರ್ ಒಲೆ ಊದುವ."

ಮೇಷ್ಟರು ಬೈಯಲಿಲ್ಲ. ಥರ್ಮಾಮೀಟರ್ ಕೆಟ್ಟಿದೆ ಎನ್ನುವವರು ಈ ಕಡೆ, ಪುಸ್ತಕ ಪೂರ್ತಿ ಹೇಳಿಲ್ಲ ಎನ್ನುವವರು ಆ ಕಡೆ ಎಂದು ಕೂರಿಸಿ ಜಗಳಕ್ಕೆ ಬಿಟ್ಟರು. ದನಿ ಏರಿಸಿದವನು ಸೋತಂತೆ, ಆಧಾರ ಕೊಡಬೇಕು. ನಾನು ಥರ್ಮಾಮೀಟರಿನ ವಿರುದ್ಧ. ಬೇರೆಯದನ್ನು ತಂದರೂ ತೊಂಬತ್ತಾರೇ.

"ಎಲ್ಲಾ ಒಂದೇ ಅಂಗಡಿ ಮಾಲು ಸಾರ್."

"ಹಂಗಾದ್ರೆ ಹೆಂಗ್ ನೋಡ್ತೀಯೋ?"

ಭಾನುವಾರ ಆ ಥರ್ಮಾಮೀಟರನ್ನೇ ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ಘಟ್ಟ ಇಳಿಸಿ, ಕುಶಾಲನಗರದ ಹೋಟೆಲಿನ ಒಲೆಯ ಮೇಲೆ ಕುದಿಸಿದೆವು. ತೊಂಬತ್ತೇಳು ದಾಟಿತು. ಕೆಳಗಿಳಿದಷ್ಟೂ ಗಾಳಿಯ ಒತ್ತಡ ಹೆಚ್ಚು, ಕುದಿಯಲು ನೀರಿಗೆ ಹೆಚ್ಚು ಬಿಸಿ ಬೇಕು; ಕೆಟ್ಟದ್ದು ಥರ್ಮಾಮೀಟರಲ್ಲ. ನಾನು ಸೋತೆ.

ಮಕ್ಕಳ ಮುಂದೆ ಮಾಡಬೇಕಾದ ಕೊನೆಯ ಪರೀಕ್ಷಾ ಪಾಠಕ್ಕೆ ನನಗೆ ಬಂದದ್ದೂ ಕುದಿಯುವ ನೀರೇ. ಪಾಸಾದರೆ ಮೇಷ್ಟರ ಕೆಲಸ; ಇಲ್ಲವಾದರೆ ಅಪ್ಪ ಮಾತಾಡಿಟ್ಟಿದ್ದ, ಮಾದಾಪುರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ಮಕ್ಕಳು ಇಣುಕಿ ನೋಡಿ "ತೊಂಬತ್ತಾರು" ಎಂದು ಕೂಗಿದರು. ಮೈಸೂರಿನಿಂದ ಬಂದಿದ್ದ ಇನ್ಸ್‌ಪೆಕ್ಟರು ಕೆಮ್ಮಿದರು.

"ನೂರು ಅಂತ ಬರಿಯಯ್ಯಾ. ಪುಸ್ತಕದಲ್ಲಿರೋದು ಅದೇ."

ಬಾಯಿ ತೆರೆದರೆ ಇನ್ಸ್‌ಪೆಕ್ಟರ ದನಿಯೂ ಬರಲಿಲ್ಲ, ಮೇಷ್ಟರ ದನಿಯೂ ಬರಲಿಲ್ಲ. ಗೋಡೆಯಂಥ ಯಾವುದೋ ಸಪ್ಪೆ ದನಿ, "ಇಲ್ಲಿ ತೊಂಬತ್ತಾರೇ ಸಾರ್" ಎಂದಿತು.

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಸಾರ್. ನೋಡಿದ್ವಿ."

ಬೋರ್ಡಿನ ಮೇಲೆ ತೊಂಬತ್ತಾರು ಎಂದೇ ಬರೆದೆ. ಇನ್ಸ್‌ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟರ ಕತ್ತು ನೆಟ್ಟಗೇ ಇತ್ತು.

ಫೇಲೆಂದು ಮಧ್ಯಾಹ್ನವೇ ಗೊತ್ತಾಯಿತು. ದುಃಖ ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಗೆಳೆಯ ಕ್ಯಾಂಟೀನಿಗೆ ಎಳೆದುಕೊಂಡು ಹೋಗಿ, "ಆ ಇನ್ಸ್‌ಪೆಕ್ಟರ ಹಾಂಗೆ ಒಮ್ಮೆ ಮಾಡ್ ಮಾರಾಯ, ನಗುವ" ಎಂದ. ಎದುರಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ. ನಾಲಿಗೆ ಸುಟ್ಟಿದೆಯೆಂದು ತಿಳಿದದ್ದು ರಾತ್ರಿ ಊಟಕ್ಕೆ ಕೂತಾಗ.