ಬೆಲ್ಲ ನೀರು ಬೇಡವೆಂದವಳು

ಆ ಹೆಂಗಸು ನಮಗೆ ಅವಮಾನ ಮಾಡಲಿಲ್ಲ. ಕೆಲಸ ಹೋದೀತೆಂದು ಹೆದರಿದ್ದಳು, ಅಷ್ಟೆ. ನನ್ನ ಸೊಸೆ ಮಾತ್ರ ಇವತ್ತಿಗೂ ಒಪ್ಪುವುದಿಲ್ಲ.

ಕಲ್ಲಡ್ಕದ ಆಚೆ, ಮಾಣಿ ಪೇಟೆಯ ಹತ್ತಿರ ನಮ್ಮ ಮನೆ. ಹಿಂದೆಯೇ ಸೊಸೆಯ ಶೆಡ್ಡು, ಅಡಿಕೆ ಹಾಳೆಯ ತಟ್ಟೆ ಮಾಡುವುದು. ಎಂಟು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಜರ್ಮನಿಯ ಕಂಪನಿಯೊಂದು ತಟ್ಟೆ ಕೇಳಿತ್ತು. ಮೊದಲು ಶೆಡ್ಡು ನೋಡಿ ಬರಲೆಂದು ಕನ್ನಡ ಬಾರದ ಈ ಹೆಂಗಸನ್ನು ಕಳಿಸಿತ್ತು. ಇವಳು ಸಹಿ ಹಾಕದಿದ್ದರೆ ಆರ್ಡರು ಇಲ್ಲ.

ಏಪ್ರಿಲ್ ಬಿಸಿಲು. ಬಂದವಳ ಮುಖ ಕೆಂಡವಾಗಿತ್ತು. ಸೊಸೆ ಬೆಲ್ಲ, ನೀರು ತಂದಿಟ್ಟಳು. ಆಕೆ ಕೈ ಅಡ್ಡ ಹಿಡಿದಳು. ಚಹಾ ಬೇಡ, ಬೊಂಡದ ಎಳನೀರೂ ಬೇಡ. ಬೇಡವೆಂದವರಿಗೆ ಇನ್ನೆರಡು ಸಲ ಹೇಳುವುದು ನಮ್ಮ ಕ್ರಮ. ಸೊಸೆ ಹೇಳಿದಳು. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು.

ಸೊಸೆ ಅಡುಗೆಮನೆಗೆ ಬಂದು ಲೋಟ ಕುಕ್ಕಿದಳು. “ಅತ್ತೆ, ಅವಳನ್ನು ಕಳಿಸಿಬಿಡುವ. ನಮ್ಮ ನೀರು ಆಗದವಳಿಗೆ ನಮ್ಮ ತಟ್ಟೆ ಯಾಕೆ?”

“ಯಾಕೆ ಬೇಡ ಅಂತ ಕೇಳಿದ್ಯಾ?”

“ಕಂಪನಿಯ ರೂಲ್ಸ್ ಉಂಟಂತೆ. ನೋಡ್ಲಿಕ್ಕೆ ಹೋದಲ್ಲಿ ಏನೂ ತಗೊಳ್ಬಾರದಂತೆ. ಒಂದು ಲೋಟ ನೀರಿಗೆ ಎಂಥ ರೂಲ್ಸ್!”

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಮೂವತ್ತು ವರ್ಷ ಬೀಡಿ ಕಟ್ಟಿದ್ದೇನೆ. ನಮ್ಮ ಬೀಡಿ ನೋಡುವ ಚೆಕ್ಕರ್ ಒಬ್ಬನಿದ್ದ. ಮುಳ್ಳುಸೌತೆ ಕೊಟ್ಟವರ ಬೀಡಿ ಪಾಸು, ನನ್ನದು ಕಸಕ್ಕೆ. ಏನೂ ಮುಟ್ಟದವನೊಬ್ಬ ಬರಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದೆ.

“ಅವಳು ನೆಂಟರ ಪೈಕಿ ಅಲ್ಲ ಮಾರಾಯ್ತಿ, ಚೆಕ್ಕರ್,” ಎಂದೆ. “ಕೆಲಸದವರು ಕುಡಿಯುವ ನೀರನ್ನೂ ಅವಳು ನೋಡ್ಬೇಕಲ್ಲ? ಕೇಳು.”

ಸೊಸೆ ಮುಖ ಊದಿಸಿಕೊಂಡೇ ಇಂಗ್ಲಿಷಿನಲ್ಲಿ ಕೇಳಿದಳು. ಹೌದಂತೆ, ಅವಳ ಕಾಗದದಲ್ಲಿ ಅದೂ ಇತ್ತಂತೆ.

ಆಕೆಯನ್ನು ಶೆಡ್ಡಿನ ಮೂಲೆಯ ಹೂಜಿಯ ಬಳಿ ಕರೆದೊಯ್ದು ಕೈಸನ್ನೆ ಮಾಡಿದೆ: ಕುಡಿದೇ ನೋಡು. ಆಕೆ ನನ್ನ ಮುಖ ನೋಡಿದಳು, ಕಾಗದ ನೋಡಿದಳು, ನಕ್ಕಳು. ಮೂರು ಲೋಟ ಕುಡಿದಳು.

“ಒಂದು ಲೋಟದಲ್ಲಿ ಗೊತ್ತಾಗ್ಲಿಲ್ಲ ಕಾಣ್ತದೆ,” ಎಂದಳು ಹಾಳೆ ತೊಳೆಯುವವಳು. ಸೊಸೆಯೂ ಬಾಯಿಗೆ ಸೆರಗು ಒತ್ತಿಕೊಂಡಳು.

ನೀರು ಕುಡಿದೆನೆಂದು ಆಕೆ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ತಟ್ಟೆ ಒತ್ತುವ ಮೆಷಿನಿಗೆ ಕೈ ಸಿಕ್ಕದಂತೆ ಜಾಲರಿ ಹಾಕಿಸಿ ಫೋಟೋ ಕಳಿಸಿ, ಆಮೇಲೆ ಸಹಿ ಎಂದು ಹೊರಟುಹೋದಳು. ಸೊಸೆಗೆ ಮತ್ತೆ ಸಿಟ್ಟು. ನನಗೆ ಬರಲಿಲ್ಲ. ಹೋದ ವರ್ಷ ಅದರಲ್ಲೇ ಒಬ್ಬಳ ಬೆರಳು ಸಿಕ್ಕಿ ಉಗುರು ಹೋಗಿತ್ತು. ಮದ್ದು ಹಚ್ಚಿ ಸುಮ್ಮನಾಗಿದ್ದೆವು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಲ್ಲಡ್ಕಕ್ಕೆ ಹೋದೆ. ವೆಲ್ಡಿಂಗಿನವ ಇನ್ನೂ ಶಟರ್ ಎತ್ತಿರಲಿಲ್ಲ. ಮೆಟ್ಟಿಲಲ್ಲಿ ಕೂತು ಕಾದು, ಬಂದವನನ್ನು ರಿಕ್ಷಾಕ್ಕೆ ಹತ್ತಿಸಿ ಮನೆಗೆ ಕರಕೊಂಡು ಬಂದೆ.