ದೊಡ್ಡಕ್ಕನ ಮೂರನೇ ಪ್ರಶ್ನೆ

ಆ ಕಂಪನಿಯಲ್ಲಿ ಸಂದರ್ಶನ ಎಂದರೆ ದೊಡ್ಡಕ್ಕ. ವಯಸ್ಸು ನಲವತ್ತೆರಡೇ ಆದರೂ ಹೆಸರು ಅಂಟಿಕೊಂಡುಬಿಟ್ಟಿತ್ತು. ಕೆಲಸ ಕೇಳಿಕೊಂಡು ಬಂದ ಪ್ರೋಗ್ರಾಮರ್‌ಗಳಿಗೆ ಮೊದಲು ನೀರು ಕೊಟ್ಟು ಆಮೇಲೆ ಬೆವರಿಳಿಸುತ್ತಾಳೆ ಎಂದು ಜೊತೆಯವರು ನಗುತ್ತಿದ್ದರು. ಅವಳ ಕೋಣೆಯಲ್ಲಿ ಕಂಪ್ಯೂಟರ್ ಮುಟ್ಟುವಂತಿಲ್ಲ. ಬಿಳಿ ಬೋರ್ಡಿನ ಮೇಲೆ ಕೈಯಾರೆ ಬರೆಯಬೇಕು.

ಮೂರನೇ ಪ್ರಶ್ನೆ ಹೆಸರುವಾಸಿ: ಒಂದು ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದ ಹೆಸರುಗಳನ್ನು ಅಳಿಸಬೇಕು. ಮೇಲಿನಿಂದ ಒಂದೊಂದೇ ನೋಡುತ್ತಾ ಅಳಿಸುವ ಐದು ಸಾಲಿನ ಉತ್ತರವನ್ನು ಅವಳೇ ಬರೆದಿಟ್ಟಿದ್ದಳು. ಬೇರೆ ದಾರಿ ಹಿಡಿದವರಿಗೆ ಅರ್ಧ ಅಂಕ.

ಆ ಮಂಗಳವಾರ ಬಂದವಳು ಎಂಟು ವರ್ಷ ಮಗು, ಮನೆ ಅಂತ ನೋಡಿಕೊಂಡು ಮತ್ತೆ ಕೆಲಸ ಹುಡುಕುತ್ತಿದ್ದ ಹೆಂಗಸು. ಪಟ್ಟಿಯ ಕೊನೆಯಿಂದ ಶುರುಮಾಡಿದಳು.

“ಯಾಕಮ್ಮ ಈ ಸುತ್ತುಬಳಸು? ಮೇಲಿಂದ ಬರಬಾರ್ದಾ?”

“ಒಂದೇ ಹೆಸರು ಮೂರ್ಸಲ ಸಾಲಾಗಿದ್ರೆ, ಎರಡನೇದನ್ನ ಅಳಿಸಿದ ಕೂಡ್ಲೇ ಮೂರನೇದು ಅದರ ಜಾಗಕ್ಕೆ ಬಂದ್ಬಿಡುತ್ತೆ ಮೇಡಂ. ನಾವು ಆಗ್ಲೇ ಮುಂದೆ ಹೋಗಿರ್ತೀವಿ, ಅದು ಉಳಿದೇಬಿಡುತ್ತೆ. ಕೊನೆಯಿಂದ ಬಂದ್ರೆ ಹಾಗಾಗಲ್ಲ.”

ದೊಡ್ಡಕ್ಕ ತನ್ನ ಕಟ್ಟಪ್ಪಣೆಯನ್ನು ತಾನೇ ಮುರಿದು ಕಂಪ್ಯೂಟರ್ ತೆರೆದಳು. ತನ್ನ ಐದು ಸಾಲಿನ ಉತ್ತರವನ್ನು ಟೈಪ್ ಮಾಡಿ ಓಡಿಸಿದಳು. ಅಳಿಯಬೇಕಿದ್ದ ಹೆಸರು ಪರದೆಯ ಮೇಲೆ ಹಾಯಾಗಿ ಕೂತಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಅವಳು ಅದನ್ನು ಓಡಿಸಿ ನೋಡಿರಲಿಲ್ಲ! “ನಿಮ್ದೇ ಸರಿ,” ಎಂದಳು. ಆ ಹೆಂಗಸಿಗೆ ಕೆಲಸವೂ ಸಿಕ್ಕಿತು.

ನಮ್ಮಂಥವರಾದರೆ ಉತ್ತರವನ್ನು ಗುಟ್ಟಾಗಿ ತಿದ್ದಿ, ಏನೂ ಆಗದವರಂತೆ ಕೂತುಬಿಡುತ್ತಿದ್ದೆವು. ದೊಡ್ಡಕ್ಕ ಹಳೆಯ ಫೈಲುಗಳನ್ನೆಲ್ಲ ತೆಗೆಸಿದಳು. ಅದೇ ಅರ್ಧ ಅಂಕಕ್ಕೆ ಕೆಲಸ ತಪ್ಪಿದವನೊಬ್ಬ ಸಿಕ್ಕಿದ. ನಾಲ್ಕು ವರ್ಷದ ಹಿಂದೆ ಅವನೂ ಕೊನೆಯಿಂದಲೇ ಶುರುಮಾಡಿದ್ದ. ಕೆಳಗೆ ಅವಳದೇ ಕೈಬರಹ: ‘ಯೋಚನೆ ನೇರವಾಗಿಲ್ಲ.’ ಅದನ್ನು ಓದಿ ಅವಳಿಗೆ ನಾಚಿಕೆಯಾಯಿತು.

“ಮುಂದಿನ ತಿಂಗಳು ನಿಮ್ಮನ್ನ ವಿಭಾಗದ ಮುಖ್ಯಸ್ಥೆ ಮಾಡೋ ಮಾತಿದೆ,” ಎಂದರು ವಿಷಯ ತಿಳಿದು ಬಂದ ಮ್ಯಾನೇಜರ್. “ಸುಮ್ನೆ ಮೈಮೇಲೆ ಇರುವೆ ಬಿಟ್ಕೋಬೇಡಿ.”

ಅವರ ಎದುರೇ, ಕೆಲಸ ತಪ್ಪಿದ್ದ ಆತನಿಗೆ ಫೋನ್ ಮಾಡಿದಳು. ಆತ ಪ್ರೋಗ್ರಾಂ ಬರೆಯುವುದನ್ನೇ ಬಿಟ್ಟು ಅಪ್ಪನ ಔಷಧಿ ಅಂಗಡಿಯಲ್ಲಿ ಕೂತಿದ್ದ.

“ಅವತ್ತು ನಿಮ್ಮ ಉತ್ತರ ಸರಿಯಾಗಿತ್ತು. ತಪ್ಪು ನಂದು, ಕ್ಷಮಿಸಿ. ಮತ್ತೆ ಬರೋದಾದ್ರೆ ಸಂದರ್ಶನಕ್ಕೆ ಬನ್ನಿ. ಬೇಕಿದ್ರೆ ಆ ಕೋಣೇಲಿ ನಾನಿರಲ್ಲ.”

ಬೈಗುಳ ಬರುತ್ತದೆಂದು ಅವಳು ಕಾದಳು.

“ಮೇಡಂ, ಒಂದ್ನಿಮಿಷ ಇರಿ, ಸ್ಪೀಕರ್ ಹಾಕ್ತೀನಿ. ನಮ್ಮಪ್ಪ ಪಕ್ಕದಲ್ಲೇ ಇದಾರೆ. ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀರಾ?”

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಜೋರಾಗಿ ಹೇಳಿದಳು.